ನನಗೂ ಒಂದು ವನ್ಸ್ ಮೋರ್

ಮುಖಕ್ಕೆ ಬಣ್ಣ ಹಚ್ಚಿಕೊಂಡವನ ಮಾನ ಹೋಗುವುದಕ್ಕೆ ಮುಹೂರ್ತ ಬೇಕಾಗಿಲ್ಲ. ನನ್ನದಂತೂ ಒಂದೊಂದು ಊರಿನಲ್ಲಿ ಒಂದೊಂದು ಥರ ಹೋಯಿತು.

ಸ್ವಾತಂತ್ರ್ಯ ಬಂದ ಹೊಸತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮಪ್ಪನದು ಮಂಡಕ್ಕಿ ಭಟ್ಟಿ. ಕಾದ ಮರಳಿನ ಮುಂದೆ ಕೂತು ಮಂಡಕ್ಕಿ ಹುರಿಯುವುದು ಬಿಟ್ಟು ನಾನು ನಾಟಕ ಕಂಪನಿ ಸೇರಿಬಿಟ್ಟೆ. ಅಪ್ಪ ಬೈದ, ಊಟ ಬಿಟ್ಟ, ಯಾವುದಕ್ಕೂ ನಾನು ಜಗ್ಗದಿದ್ದಾಗ ಒಂದು ಕರಾರಿಗೆ ಬಂದ. ಆಗೆಲ್ಲ ಆಟದಲ್ಲಿ ಏನಾದರೂ ಮನಸ್ಸಿಗೆ ಹಿಡಿಸಿದರೆ ಜನ ‘ವನ್ಸ್ ಮೋರ್’ ಎಂದು ಕೂಗುವರು, ನಟ ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಬೇಕು.

“ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರು ಕ್ಯಾಂಪು ಬಿಟ್ಟೀನಿ. ಅಷ್ಟರಾಗ ಒಂದ ಒಂದು ವನ್ಸ್ ಮೋರ್ ತಗೊಂಡು ತೋರಸು, ನಿನ್ನ ತಂಟಿಗೆ ಬರಂಗಿಲ್ಲ. ಇಲ್ಲಾಂದ್ರ ಬಾಯಿ ಮುಚ್ಚಿಕೊಂಡು ಬಂದು ಭಟ್ಟಿ ಮುಂದ ಕೂಡಬೇಕು,” ಎಂದ.

ಒಂದೇನು, ಹತ್ತು ತಗೊಳ್ಳುತ್ತೇನೆ ಎಂದೆ. ಹತ್ತೊಂಬತ್ತು ವಯಸ್ಸಿನ ಬಾಯಿ, ಕೇಳಬೇಕೆ.

ದೂತನ ಮೊಣಕಾಲು

ಬಳ್ಳಾರಿಯಲ್ಲಿ ಸಿಕ್ಕಿದ್ದು ದೂತನ ಪಾರ್ಟು. ಓಡಿಬಂದು ಮೊಣಕಾಲೂರಿ, ಪ್ರಭು, ವೈರಿಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ ಅನ್ನಬೇಕು, ಅಷ್ಟೇ. ವಾರವಿಡೀ ಆ ಒಂದು ಮಾತನ್ನು ಗುಡ್ಡದ ಮೇಲಿನ ಕೋಟೆಗೇ ಮುಖ ಮಾಡಿ ಕೂಗಿ ಗಂಟಲು ಹರಿದುಕೊಂಡಿದ್ದೆ.

ಆಟದ ದಿನ ಅಂದೆ, ಚೆನ್ನಾಗಿಯೇ ಅಂದೆ. ಸುದ್ದಿ ಕೇಳಿದ ರಾಜ ಸಿಟ್ಟಿಗೆದ್ದು ಒಂದು ತೆಲುಗು ಪದ್ಯ ಎತ್ತಿದ. ಕನ್ನಡ ನಾಟಕದಲ್ಲಿ ತೆಲುಗು ಪದ್ಯ ಯಾಕೆಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ, ಕಂಠ ಚೆನ್ನಾಗಿದ್ದರೆ ಸಾಕು. ಅವನದು ಚೆನ್ನಾಗಿತ್ತು, ಹಾಳಾದ್ದು. ಒಂದಾದ ಮೇಲೊಂದು ನಾಲ್ಕು ವನ್ಸ್ ಮೋರ್ ಬಿದ್ದವು. ರಾಜನ ಅಪ್ಪಣೆಯಾಗದೆ ದೂತ ಏಳುವಂತಿಲ್ಲ. ಎರಡನೇ ಸಲಕ್ಕೆ ನನ್ನ ಕಾಲು ಜುಮ್ಮೆಂದಿತು. ನಾಲ್ಕನೇ ಸಲಕ್ಕೆ ನನಗೆ ಕಾಲಿದೆ ಎಂಬುದೇ ಮರೆತುಹೋಯಿತು. ಕೊನೆಗೂ ರಾಜ, ಹೋಗಿ ಸೈನ್ಯ ಸಿದ್ಧಪಡಿಸು ಎಂದು ಅಪ್ಪಣೆ ಕೊಟ್ಟಾಗ ಎದ್ದೆ, ಎದ್ದಲ್ಲೇ ಮಕಾಡೆ ಬಿದ್ದೆ. ಕಾವಲುಗಾರರಿಬ್ಬರು ರಟ್ಟೆ ಹಿಡಿದು ನನ್ನನ್ನು ಒಳಗೆ ಎಳೆದುಕೊಂಡು ಹೋದರು.

ಮುಂದೆ ಕೂತಿದ್ದ ನಮ್ಮ ಓಣಿಯ ಅಜ್ಜಿಯೊಬ್ಬಳು ರಾಜನಿಗೆ ಹೇಳಿದಳು: “ಇನ್ನ ನೀನ ಹೋಗಿ ನೋಡಪ್ಪ. ನೀ ಹಾಡಿ ಮುಗಸೋದ್ರಾಗ ವೈರಿಗಳು ಒಳಗ ಬಂದು ಉಂಡು ಮಲಗಿರ್ತಾರ.”

ಸಖಿಯ ದುಃಖ

ಸಿರುಗುಪ್ಪದಲ್ಲಿ ಹೆಣ್ಣು ಪಾರ್ಟಿನವನಿಗೆ ಜ್ವರ ಬಂತು. ನನಗೆ ಮೀಸೆ ಬೋಳಿಸಿ, ಸೀರೆ ಸುತ್ತಿ, ರಾಣಿಯ ಸಖಿ ಮಾಡಿದರು. ರಾಜ ಕಾಡಿಗೆ ಹೋದನೆಂದು ರಾಣಿ ಹಾಡುವಾಗ ಹಿಂದೆ ನಿಂತು ಚಾಮರ ಬೀಸಬೇಕು, ಮಾತಿಲ್ಲ. ಮಾತಿಲ್ಲದಿದ್ದರೇನು, ಅಳು ಇದೆಯಲ್ಲ ಎಂದುಕೊಂಡು ಹೆಚ್ಚಿದ ಉಳ್ಳಾಗಡ್ಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಕಣ್ಣಿಗೆ ಒತ್ತಿದ್ದೇ ತಡ, ಧಾರಾಕಾರ. ಉಳ್ಳಾಗಡ್ಡಿ ಕಣ್ಣೀರು ಕೊಟ್ಟಿತು, ಬೊಬ್ಬೆ ನಾನು ಸೇರಿಸಿದೆ. ರಾಣಿಯ ಹಾಡು ಹಾರ್ಮೋನಿಯಂ ಮಾಸ್ತರರಿಗೂ ಕೇಳಿಸಲಿಲ್ಲ. ಕೆಂಚನಗುಡ್ಡದಿಂದ ಬಂಡಿ ಕಟ್ಟಿಕೊಂಡು ಬಂದಿದ್ದ ಹೆಂಗಸರೂ ಮೂಗು ಸೀಟತೊಡಗಿದರು. ಇನ್ನೇನು ಬಿತ್ತು ನನ್ನ ವನ್ಸ್ ಮೋರ್ ಅನ್ನುವಷ್ಟರಲ್ಲಿ ಅವರಲ್ಲೊಬ್ಬಾಕೆ ಸ್ಟೇಜ್ ಹತ್ತಿ ಬಂದಳು. ರಾಣಿಯನ್ನು ಪಕ್ಕಕ್ಕೆ ಸರಿಸಿ, ಅಳಬ್ಯಾಡ ತಂಗಿ ಎಂದು ನನ್ನನ್ನು ತಬ್ಬಿಕೊಂಡು, ತನ್ನ ಸೆರಗಿನಿಂದ ಮುಖ ತಿಕ್ಕಿ ಒರೆಸಿದಳು. ಬಣ್ಣವೆಲ್ಲ ಅವಳ ಸೆರಗಿಗೆ ಹೋಯಿತು. ನನ್ನ ಗಲ್ಲದ ಮೇಲೆ ಅವಳ ಕೈ ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ಜನರ ಕಡೆ ತಿರುಗಿದಳು.

“ಇದಕ್ಕ ಗಡ್ಡ ಐತ್ರೀ,” ಎಂದಳು. ಮತ್ತೆ ನನ್ನನ್ನೊಮ್ಮೆ ನೋಡಿ, “ಇದ್ರ ಇರ್ಲಿ ಬಿಡ್ರಿ, ದುಃಖ ಮಾತ್ರ ಖರೇ ಐತಿ.”

ಅಪ್ಪನ ಪಾರ್ಟು

ಉಳಿದದ್ದು ಕುರುಗೋಡು. ನನಗೆ ನಿಜಕ್ಕೂ ಹೆದರಿಕೆ ಹತ್ತಿತ್ತು. ಕಣ್ಣು ಮುಚ್ಚಿದರೆ ಭಟ್ಟಿಯ ಮರಳೇ ಕಾಣುತ್ತಿತ್ತು. ಕ್ಯಾಂಪಿನ ಕೊನೆಯ ಆಟದ ದಿನ ಅಪ್ಪ ಬಸ್ಸಿಳಿದು ಬಂದ, ನನ್ನ ಹಾಸಿಗೆ ಕಟ್ಟಲು ಹಗ್ಗವನ್ನೂ ತಂದಿದ್ದ. ಮುಂದಿನ ಸಾಲಿನಲ್ಲಿ ಆ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಅವತ್ತು ನನ್ನದು ಪೋಲಿ ಮಗನ ಪಾರ್ಟು. ಮನೆ ಕಸುಬು ಬಿಟ್ಟು ಊರೂರು ಅಲೆದು ಬಂದ ಮಗನಿಗೆ ನಾಟಕದ ಅಪ್ಪ ಬೆತ್ತದಿಂದ ಬಾರಿಸಬೇಕು. ಬೆತ್ತ ಅಂದರೆ ಸೀಳಿದ ಬಿದಿರು, ಸದ್ದು ಜಾಸ್ತಿ, ಪೆಟ್ಟು ಕಡಿಮೆ. ಅಪ್ಪನ ಪಾರ್ಟಿನವರು ವಯಸ್ಸಾದವರು, ಸಾಧು ಮನುಷ್ಯ. ಹೆತ್ತವರ ಹೊಟ್ಟೆ ಉರಿಸಿ ನೀನು ಸಂಪಾದಿಸಿದ್ದೇನು ಎಂದು ಕೇಳಿ, ನಾಲ್ಕು ಬಿಟ್ಟರು.

ಮುಂದಿನ ಸಾಲಿನಲ್ಲಿ ಒಬ್ಬ ಧಡಕ್ಕನೆ ಎದ್ದು ನಿಂತ.

“ವನ್ಸ್ ಮೋರ್!”

ನೋಡುತ್ತೇನೆ, ನಮ್ಮಪ್ಪ. ಕಣ್ಣಲ್ಲಿ ನೀರು, ಮುಖದಲ್ಲಿ ಎಂದೂ ಕಾಣದ ಸಂತೋಷ. ಊರಲ್ಲಿ ಮಕ್ಕಳ ಮೇಲೆ ಸಿಟ್ಟಿದ್ದ ಅಪ್ಪಂದಿರು ಅವನೊಬ್ಬನೇ ಅಲ್ಲ, ಸಭೆಗೆ ಸಭೆಯೇ ಕೂಗಿತು. ಎರಡನೇ ಸಲಕ್ಕೆ ಬಿದಿರು ಮುರಿಯಿತು. ಮೂರನೇ ಸಲಕ್ಕೆ ಯಾರೋ ಪುಣ್ಯಾತ್ಮ ತನ್ನ ಬಾರುಕೋಲನ್ನೇ ಸ್ಟೇಜಿನ ಮೇಲೆ ಎಸೆದ. ಆಮೇಲಿನ ನನ್ನ ಕೂಗಾಟದಲ್ಲಿ ನಟನೆ ಇರಲಿಲ್ಲ.

ಆಟ ಮುಗಿದ ಮೇಲೆ ಅಪ್ಪ ಹಗ್ಗ ಹಿಡಿದು ಒಳಗೆ ಬಂದ. ನಾನು ಬೆನ್ನು ಉಜ್ಜಿಕೊಳ್ಳುತ್ತಲೇ ಮೂರು ಬೆರಳು ತೋರಿಸಿದೆ.

“ಮೂರು ವನ್ಸ್ ಮೋರ್ ಬಿದ್ದಾವಪ್ಪ. ಮೊದಲ್ನೇದು ನಿಂದ.”

ಅಪ್ಪನ ಮುಖ ಸಣ್ಣದಾಯಿತು. ಕೊಟ್ಟ ಮಾತು ತಪ್ಪುವ ಮನುಷ್ಯನಲ್ಲ. ಸ್ವಲ್ಪ ಹೊತ್ತು ಹಗ್ಗ ಸುತ್ತುತ್ತ, ಬಿಚ್ಚುತ್ತ ನಿಂತ. ಆಮೇಲೆ ಅದನ್ನು ಮೂಲೆಗೆ ಎಸೆದು ನೇರ ಕಂಪನಿ ಮಾಲಕರ ಹತ್ತಿರ ಹೋಗಿ ಕೈಮುಗಿದ.

“ಮಾಲಕರ, ಹುಡುಗ ನಿಮ್ಮ ಕಡೇನ ಇರ್ಲಿ. ಆ ಅಪ್ಪನ ಪಾರ್ಟಿನೋರ ಕೈ ಭಾಳ ಮೆತ್ತಗ ಐತ್ರಿ. ಮುಂದಿನ ಕ್ಯಾಂಪಿನಾಗ ಆ ಪಾರ್ಟು ನನಗ ಕೊಡ್ರಿ. ತಾಲೀಮು ಏನೂ ಬ್ಯಾಡ.”