ಹಳೇ ಮರ, ಹಳೇ ಚಾಳಿ

"ಓಗ್ಬನ್ನಿ. ಅವ್ರು ಕಾಯ್ತಾ ಇರ್ತಾರೆ. ನಾನೆಲ್ಗೆ ಓಯ್ತೀನಿ?"

ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ಅವಳಿಗೆ ಜ್ವರ ಇತ್ತು. ನಾನು ಸೋಮನಹಳ್ಳಿಗೆ ಬಾಗಿಲು ಕೂರಿಸಲು ಹೋದೆ. ಬರುವಷ್ಟರಲ್ಲಿ ಅವಳೇ ಹೋಗಿದ್ದಳು.

ತಿಥಿ ಮುಗಿದ ಮೇಲೆ ಕೊತ್ತತ್ತಿಯ ಮಗಳು ಹಠ ಹಿಡಿದಳು. "ಅಪ್ಪ, ಮದ್ದೂರು ಸಾಕು. ಉಳಿ, ಬಾಚಿ ಎಲ್ಲ ಮಾರ್ಬುಟ್ಟು ನಮ್ಮನೇಗೆ ಬಂದ್ಬುಡು."

"ಒಪ್ಕೊಂಡಿರೋ ಕೆಲ್ಸ ಮುಗಿಸಿ ಬತ್ತೀನಿ" ಅಂದೆ. ನನಗೂ ಕೈ ಏಳುತ್ತಿರಲಿಲ್ಲ. ಮೂರೇ ಕೆಲಸ ಉಳಿದಿತ್ತು.

ಆದರೆ ಹಳೇ ಮರದ ಕೆಲಸ ಮುಗಿಯಿತು ಅಂದುಕೊಂಡವನು ಕೆಟ್ಟ. ಅದು ಯುದ್ಧದ ಕಾಲ, ಹೊಸ ಮರ ಸಿಗುತ್ತಿರಲಿಲ್ಲ. ಬಿದ್ದ ಮನೆ, ಮುರಿದ ಗಾಡಿ, ಇಂಥವುಗಳ ಮರ ತಂದು ಮಂಚ, ಬೆಂಚು ಮಾಡುತ್ತಿದ್ದೆ. ಮರ ಮಾತ್ರ ತಾನು ಮೊದಲು ಏನಾಗಿದ್ದೆ ಅನ್ನೋದನ್ನ ಮರೆಯೋದಿಲ್ಲ.

ಗೌಡರ ಮಂಚ

ಗೆಜ್ಜಲಗೆರೆಯ ಗೌಡರೊಬ್ಬರು ಹಳೇ ಆಲೆಮನೆ ಕೆಡವಿ ಹಲಗೆ ಕೊಟ್ಟರು. ಬೆಲ್ಲದ ಪಾಕ ಕುಡಿದು ಕುಡಿದು ಕಪ್ಪಗಾಗಿದ್ದ ಹಲಗೆ. ತೊಳೆದೆ, ಹೆರೆದೆ, ಮಂಚ ಮಾಡಿ ಕಳಿಸಿದೆ.

ವಾರ ಕಳೆದು ಗೌಡರು ಬೆನ್ನು ಕೆರೆದುಕೊಂಡು ಬಂದರು.

"ಮಂಚ ಸರಿಯಾಗಿಲ್ವಾ ಗೌಡ್ರೆ?"

"ಬಾಳ ಚೆನ್ನಾಗೈತೆ ಆಚಾರಿ. ಇರುವೆಗೋಳು ಮೇಲೆ ಮಲಗ್ತವೆ, ನಾನು ಕೆಳಗೆ ಮಲಗ್ತೀನಿ."

ಬಿಸಿನೀರು, ಬೇವಿನೆಣ್ಣೆ ಎಲ್ಲ ಆಯಿತು. ಇರುವೆ ಬರುತ್ತಲೇ ಇದ್ದವು. ಕೊನೆಗೆ ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದೆ. ಮತ್ತೆ ಸಿಕ್ಕಾಗ ಕೇಳಿದೆ, "ಇರುವೆ ಹೋದ್ವಾ?"

"ಓದ್ವು. ಈಗ ಬೀದಿ ನಾಯೆಲ್ಲ ನೀರು ಕುಡಿಯಾಕೆ ಬತ್ತವೆ."

ನೊಗದ ಬೆಂಚು

ಪಕ್ಕದ ಬೀದಿಯ ಗಾಡಿಯವನು ಮುರಿದ ನೊಗ ತಂದ. ಮನೆ ಮುಂದೆ ಕೂರಲು ಬೆಂಚು ಬೇಕಂತೆ. ಮಾಡಿಕೊಟ್ಟೆ. ಬಾಗಿಲ ಪಕ್ಕ ಇಟ್ಟುಕೊಂಡ.

ಅವನದೊಂದು ಮುದಿ ಎತ್ತು. ನೊಗ ಕಂಡರೆ ಮಲಗಿಬಿಡುವ ಚಾಳಿ. ಸಂಜೆ ಮನೆಗೆ ಬಂತು, ಬೆಂಚು ಮೂಸಿತು, ಬಾಗಿಲಿಗೆ ಅಡ್ಡ ಮಲಗಿತು. ಬಾಲ ತಿರುಚಿದರೂ ಏಳಲಿಲ್ಲ. ಇವನು ಹೊರಗೆ, ಹೆಂಡತಿ ಒಳಗೆ.

"ಈ ಸೋಂಬೇರಿತನ ಎಲ್ಲಿ ಕಲಿತ್ಯಲಾ ನೀನು?" ಅಂತ ಎತ್ತಿಗೆ ಗದರಿದ.

ಒಳಗಿಂದ ಅವಳು ಕೂಗಿದಳು, "ಅದನ್ಯಾಕೆ ಕೇಳ್ತೀಯ? ದಿನಾ ನಿನ್ನೇ ನೋಡ್ತೈತೆ ಕಣಯ್ಯ!"

ಅಳಿಯನ ಬೆಂಚು

ಕೊನೇ ಕೆಲಸ ಮಂಡ್ಯದ ಮೇಷ್ಟರೊಬ್ಬರದು. ಹೊಸ ಅಳಿಯ ಬರುವವನಿದ್ದ, ಕೂರಿಸಲು ಬೆಂಚು ಬೇಕಿತ್ತು. ಇದೊಂದಾದರೆ ಕೊತ್ತತ್ತಿ. ಶನಿವಾರ ಬೆಳಿಗ್ಗೆ ಗಾಡಿ ಕಳಿಸು ಅಂತ ಮಗಳಿಗೆ ಹೇಳಿ ಕಳಿಸಿದ್ದೆ.

ಕೆಡವಿದ ಮನೆಯ ಹೊಸಿಲೊಂದು ನನ್ನ ಹತ್ತಿರ ಇತ್ತು. ಹೊನ್ನೆ ಮರ. ಅದನ್ನೇ ಬೆಂಚು ಮಾಡಿ, ಬಸ್ಸಿನ ಮೇಲೆ ಹೇರಿಕೊಂಡು ಹೋದೆ.

ಮೇಷ್ಟರ ತಾಯಿ ಬೆಂಚು ಸವರಿದರು. "ಒಳ್ಳೆ ಮರ ಕಣಪ್ಪ. ಯಾವುದರದ್ದು?"

"ಹಳೇ ಮನೆ ಹೊಸಿಲು ಕಣಮ್ಮ."

ಅಷ್ಟೇ. ಮುದುಕಿ ಒಳಗೆ ಹೋಗಿ ನೀರು, ಅರಿಶಿನ, ಕುಂಕುಮ ತಂದರು. ಬೆಂಚು ತೊಳೆದರು, ಅರಿಶಿನ ಕುಂಕುಮ ಇಟ್ಟರು, ರಂಗೋಲಿ ಎಳೆದರು. "ಲಕ್ಷ್ಮಿ ಮೇಲೆ ಯಾರು ಕೂರ್ತೀರೋ ನೋಡ್ತೀನಿ!"

ಅಷ್ಟರಲ್ಲಿ ಅಳಿಯ ಬಂದ. ಬಿಸಿಲಲ್ಲಿ ನಡೆದು ಸುಸ್ತಾಗಿದ್ದ. ಕೂರಲು ಬಗ್ಗಿದ.

"ಅಯ್ಯೋ, ಏಳಿ ಏಳಿ!" ಅಂತ ಮನೆಯವರೆಲ್ಲ ಕೂಗಿದರು.

ಅವನು ಗಾಬರಿಯಾಗಿ ಎದ್ದು, ಬೆಂಚಿಗೆ ಕೈಮುಗಿದು ನಿಂತ. ಕಾಫಿಯನ್ನೂ ನಿಂತೇ ಕುಡಿದ.

ಮೇಷ್ಟರು ನನ್ನ ಕಿವಿಯಲ್ಲಿ ಅಂದರು, "ಇದನ್ನ ಎತ್ಕೊಂಡು ಹೋಗಪ್ಪ."

ತಾಯಿಗೆ ಕೇಳಿಸಿತು. "ಶುಕ್ರವಾರ ಲಕ್ಷ್ಮೀನ ಆಚೆಗೆ ಕಳಿಸ್ತೀಯೇನೋ?"

ಮೇಷ್ಟರು ನನ್ನ ಕಡೆ ತಿರುಗಿದರು. "ಸರಿ, ಇನ್ನೊಂದು ಮಾಡಪ್ಪ. ಮೊದಲು ಏನೂ ಆಗಿರದ ಮರದಲ್ಲಿ ಮಾಡು."

"ಅಂಥ ಮರ ಕಾಡಲ್ಲೈತೆ ಸ್ವಾಮಿ" ಅಂದೆ.

ಲೋಟ ಹಿಡಿದು ನಿಂತಿದ್ದ ಅಳಿಯ ಮೆಲ್ಲಗೆ ಹೇಳಿದ, "ಯಾವುದರಲ್ಲಾದ್ರೂ ಮಾಡಿ. ಸ್ವಲ್ಪ ಬೇಗ ಮಾಡಿ. ನಾನು ಹಬ್ಬದವರೆಗೂ ಇರ್ತೀನಿ."

ಬಸ್ಸಿನಲ್ಲಿ ನಗು ಬಂತು. ಮನೆಗೆ ಹೋಗಿ ಯಾರಿಗೆ ಹೇಳಲಿ ಅನ್ನಿಸಿತು.

ಬೆಳಿಗ್ಗೆ ಮಗಳ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಬರಿಗೈಯಲ್ಲಿ ಹತ್ತಿ ಕೂತೆ. ಮಳವಳ್ಳಿ ಕಡೆ ತಿರುಗಿಸು ಅಂದೆ.

"ಕೊತ್ತತ್ತಿ ಆ ಕಡೆ ಅಲ್ವಾ?" ಅಂದ ಗಾಡಿಯವನು.

"ಗೊತ್ತು ಕಣ್ಲಾ, ಹೊಡಿ."

ಮಳವಳ್ಳಿಯಲ್ಲಿ ಒಂದು ಮನೆ ಬಿದ್ದಿತ್ತು. ಅಳಿಯನ ಬೆಂಚಿಗೆ ಅಂತ ಅದರ ತೊಲೆ ಹೇರಿಕೊಂಡು ಮದ್ದೂರಿಗೇ ವಾಪಸ್ ಬಂದೆ.