ಕಾಕಾ ಏಳುವ ತನಕ

ಇಡೀ ಪುಣೆಯಲ್ಲಿ ನಮ್ಮ ಕಾಕಾನಿಗಿಂತ ನಿಧಾನವಾಗಿ ಉಣ್ಣುವವರು ಇನ್ನೊಬ್ಬರಿದ್ದರೆ, ಅವರ ಊಟ ಇನ್ನೂ ಮುಗಿದಿರಲಿಕ್ಕಿಲ್ಲ! ಅದಕ್ಕೇ ಅವರ ಸುದ್ದಿ ಯಾರಿಗೂ ತಿಳಿದಿಲ್ಲ.

ಕಾಕಾನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ. ಪಚನ ಶುರುವಾಗುವುದು ಹೊಟ್ಟೆಯಲ್ಲಲ್ಲ, ಬಾಯಲ್ಲಿ ಎಂಬ ವಿಷಯ ಅವರಿಗೆ ಯಾವಾಗ ತಲೆಗೇರಿತೋ ಗೊತ್ತಿಲ್ಲ. ಗಿರಾಕಿಗಳನ್ನೂ ಬಿಡುತ್ತಿರಲಿಲ್ಲ.

"ರೊಟ್ಟಿ ಅಗಿಕೋತ ಹೋಗ್ರಿ, ನುಂಗಬ್ಯಾಡ್ರಿ. ತಾನ ಸಿಹಿ ಆಗ್ತದ! ಜೊಲ್ಲಿನ ಕಮಾಲ್ ಅದು. ಬೆಲ್ಲಾ ಯಾಕ ಬೇಕು?"

ಬೆಲ್ಲದ ವ್ಯಾಪಾರಿ ಆಡುವ ಮಾತೇ ಇದು?

ಅವರ ಪಾಡಿಗೆ ಅವರು ಅಗಿದುಕೊಂಡಿದ್ದರೆ ನಮಗೇನೂ ತಕರಾರಿರಲಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ಅಪ್ಪನ ತಮ್ಮನಾದ ಅವರೇ ಮನೆಗೆಲ್ಲ ಹಿರಿಯರು. ಊಟದ ಪಂಗತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ! ಒಮ್ಮೆ ಚಿಂಚವಾಡದ ಮದುವೆಯೊಂದರಲ್ಲಿ ಯಜಮಾನರು ವಾಡಿಕೆಯಂತೆ ಕೈಮುಗಿದು, "ಸಾವಕಾಶ ಆಗ್ಲಿ ರೀ" ಎನ್ನುತ್ತ ಸಾಲಿನುದ್ದಕ್ಕೂ ನಡೆದರು. ಆ ಮಾತನ್ನು ನಿಜವೆಂದು ನಂಬಿದವರು ಕಾಕಾ ಒಬ್ಬರೇ. ನಮ್ಮ ಕೈಗಳು ಒಣಗಿ ಬಿರುಕು ಬಿಟ್ಟವು. ಮುಂದಿನ ಪಂಗತಿಯವರು ಬೆನ್ನ ಹಿಂದೆ ನಿಂತು ಕೆಮ್ಮತೊಡಗಿದರು. ಕಡೆಗೆ ಯಜಮಾನರೇ ಮತ್ತೆ ಬಂದು ಕೈಮುಗಿದರು: "ಕಾಕಾ, ಸ್ವಲ್ಪ ಲಗೂನ ಆಗ್ಲಿ ರೀ!"

ಇಂಥ ಕಾಕಾ ಒಂದು ದಿನ ಎಲ್ಲರಿಗಿಂತ ಮೊದಲು ಎದ್ದುಬಿಟ್ಟರು! ಬರೀ ಗಂಜಿ ಕುಡಿದಿದ್ದರು. ದವಡೆಯ ಕೆಳಗೆ ನಿಂಬೆಯಷ್ಟು ದಪ್ಪ ಬಾವು. ಉಪ್ಪಿನಕಾಯಿ ಕಣ್ಣಿಗೆ ಬಿದ್ದರೂ ಸಾಕು, ಅದು ಉಬ್ಬಿ ನೋಯುತ್ತಿತ್ತು. ನಾವೆಲ್ಲ ಅರ್ಧ ಊಟದಲ್ಲಿ ಕೈ ತೊಳೆದೆವು. ಯಾರ ಬಾಯಲ್ಲೂ ಆ ರೋಗದ ಹೆಸರು ಬರಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ನನಗಂತೂ ಅಪ್ಪನನ್ನು ಎರಡನೆಯ ಸಲ ಕಳೆದುಕೊಳ್ಳುವ ಹೆದರಿಕೆ.

ಡಾಕ್ಟರು ಮರಾಠಿಯವರು. ನಾಲಗೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು, ಎಕ್ಸ್-ರೇ ಫೋಟೋ ತೆಗೆಸಿದರು, ಆಮೇಲೆ ನಕ್ಕರು. "ಖಡಾ ಆಹೆ. ಘಾಬರೂ ನಕಾ."

ಹರಳಂತೆ, ಹೆದರಬಾರದಂತೆ! ಜೊಲ್ಲಿನ ಗ್ರಂಥಿಯಿಂದ ಬಾಯಿಗೆ ಬರುವ ಸಣ್ಣ ನಾಳದಲ್ಲಿ ಹರಳೊಂದು ಸಿಕ್ಕಿಕೊಂಡಿತ್ತು. ಊಟ ಕಂಡ ಕೂಡಲೇ ಜೊಲ್ಲು ಉಕ್ಕುತ್ತಿತ್ತು, ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಂತು ಗ್ರಂಥಿಯನ್ನು ಊದಿಸುತ್ತಿತ್ತು.

ಕಾಕಿ ಕೇಳಿದರು: "ಅಂದ್ರ... ಅದು ಅಲ್ಲೇನ್ರಿ?"

"ನಾಹೀ, ನಾಹೀ!" ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು.

ಕಾಕಿ ಅಲ್ಲೇ ಕುಸಿದು ಕೂತು ಅತ್ತರು. ನಾನೂ ಅತ್ತೆ. ಕಾಕಾ ಮಾತ್ರ ಹೆಮ್ಮೆಯಿಂದ ನಮ್ಮತ್ತ ತಿರುಗಿದರು: "ನೋಡ್ರಿ, ನಾ ಹೇಳ್ತಿದ್ದಿಲ್ಲ? ಪಚನ ಬಾಯಾಗ ಸುರು ಆಗ್ತದ!"

ಜೋಳದ ಕಾಳಿನಷ್ಟಿದ್ದ ಹರಳನ್ನು ತೆಗೆದು ಮನೆಗೆ ಕಳಿಸುವಾಗ ಡಾಕ್ಟರು ಪಥ್ಯ ಹೇಳಿದರು: ನೀರು ಹೆಚ್ಚು ಕುಡಿಯಬೇಕು, ನಿಂಬೆ ಚೀಪಬೇಕು, ಊಟವನ್ನು ಚೆನ್ನಾಗಿ ಅಗಿದು ತಿನ್ನಬೇಕು.

ಕಾಕಿ ಹಣೆ ಚಚ್ಚಿಕೊಂಡರು. "ಅಯ್ಯ, ಇವ್ರಿಗೆ ಇದನ್ನ ಹೇಳಬೇಕಾಗಿತ್ತೇನ್ರಿ!"

ಗಾಯ ಮಾಯ್ದ ಮೇಲೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕೂತೆವು. ಕಾಕಾ ರೊಟ್ಟಿ ಮುರಿದು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ಅಗಿದರು... ಅಗಿಯುತ್ತಲೇ ಇದ್ದರು. ನಮ್ಮೆಲ್ಲರ ಊಟ ಮುಗಿದು ಕೈ ಒಣಗಿತು. ಯಾರೂ ಗಡಿಯಾರ ನೋಡಲಿಲ್ಲ.

"ಸಾವಕಾಶ ಆಗ್ಲಿ, ಕಾಕಾ," ಎಂದೆ. ಅಷ್ಟು ಮನಸಾರೆ ಆ ಮಾತನ್ನು ನಾನು ಹಿಂದೆಂದೂ ಆಡಿರಲಿಲ್ಲ.