ಬೆನ್ನುಚೀಲದ ಕುಚ್ಚಲಕ್ಕಿ

ಬೆಟ್ಟ ಹತ್ತುವವರ ಮೇಲೆ ನನಗೆ ಬಹಳ ಗೌರವ. ಅವರು ನಮ್ಮ ಮನೆಯವರಾಗಿರಬಾರದು, ಅಷ್ಟೆ. ವಡೋದರಾದಲ್ಲಿ ಜೀವಮಾನವಿಡೀ ಉಡುಪಿ ಹೋಟೆಲು ನಡೆಸಿದ ನಾನು ಈ ಊರನ್ನು ಮೆಚ್ಚಿದ್ದೇ ಅದು ದೋಸೆಕಲ್ಲಿನಷ್ಟು ಸಪಾಟಾಗಿದೆ ಎಂದು. ಇಂಥ ಊರಿನಲ್ಲಿದ್ದುಕೊಂಡು ನನ್ನ ಹೆಂಡತಿ ವಾರಿಜಾಗೆ, ಅರವತ್ತು ದಾಟಿದ ಮೇಲೆ, ಹಿಮಾಲಯದ ಹುಚ್ಚು ಹಿಡಿಯಿತು. ಹಿಡಿಸಿದವರು ಮೂರನೇ ಮಹಡಿಯ ಜ್ಯೋತ್ಸ್ನಾಬೆನ್. ಅವರ ವಾಕಿಂಗ್ ಗುಂಪು ಬೇಸಿಗೆಯಲ್ಲಿ ಹಿಮಾಚಲಕ್ಕೆ ಚಾರಣ ಹೊರಟಿತ್ತು. ಹತ್ತು ದಿನ, ಅವರವರ ಹೊರೆ ಅವರವರ ಬೆನ್ನ ಮೇಲೆ.

"ಹತ್ತು ದಿನ ನನ್ನ ಊಟ?" ಎಂದು ಕೇಳಿದೆ.

"ನಿಮ್ಮದೇ ಹೋಟೆಲುಂಟಲ್ಲ, ಮಾರಾಯ್ರೆ."

ಇಲ್ಲಿಯವರ ನಾಲಿಗೆಗೆಂದು ಸಾಂಬಾರಿಗೆ ಬೆಲ್ಲ ಸುರಿದವನು ನಾನೇ. ಅದನ್ನು ಉಣ್ಣುವ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.

ಅಭ್ಯಾಸಕ್ಕೆ ಮನೆಯ ಹತ್ತಿರ ಗುಡ್ಡವೆಲ್ಲಿದೆ? ನಮ್ಮ ಕಟ್ಟಡದ ಆರು ಮಹಡಿಯ ಮೆಟ್ಟಿಲೇ ಗುಡ್ಡವಾಯಿತು. ಊರಿನಿಂದ ತರಿಸಿದ ಕುಚ್ಚಲಕ್ಕಿಯನ್ನು ಬೆನ್ನುಚೀಲಕ್ಕೆ ತುಂಬಿ ವಾರಿಜಾ ದಿನವೂ ಹತ್ತಿ ಇಳಿಯತೊಡಗಿದಳು. ನನಗೋ ಅವಳ ಮಂಡಿಯ ಚಿಂತೆ. ಹೋಗಬೇಡ ಎನ್ನುವ ಎದೆಗಾರಿಕೆ ಇಲ್ಲದ್ದರಿಂದ ಕಳ್ಳದಾರಿ ಹಿಡಿದೆ. ಅವಳು ಸ್ನಾನಕ್ಕೆ ಹೋದಾಗ ಚೀಲದಿಂದ ಒಂದೆರಡು ಮುಷ್ಟಿ ಅಕ್ಕಿ ತೆಗೆದು, ಆ ಜಾಗಕ್ಕೆ ಮಂಡಕ್ಕಿ ತುಂಬುವುದು. ಪಾರ್ಸೆಲನ್ನು ಉಬ್ಬಿಸಿ ತೋರಿಸುವ ವಿದ್ಯೆ ಹೋಟೆಲಿನವನಿಗೆ ಹೇಳಿಕೊಡಬೇಕಾಗಿಲ್ಲ. ತೆಗೆದ ಅಕ್ಕಿಯನ್ನು ಹಾಳು ಮಾಡದೆ ಅಡುಗೆಮನೆಯ ಡಬ್ಬಕ್ಕೇ ಸುರಿಯುತ್ತಿದ್ದೆ.

"ಈಗ ಏದುಸಿರೇ ಬರುವುದಿಲ್ಲ, ನೋಡಿ" ಎಂದಳು ಒಂದು ದಿನ.

"ಅಭ್ಯಾಸದ ಫಲ" ಎಂದೆ, ಗಂಭೀರವಾಗಿ.

ಹೊರಡಲು ತಿಂಗಳಿರುವಾಗ ಜ್ಯೋತ್ಸ್ನಾಬೆನ್ ಬಾಗಿಲಲ್ಲಿ ನಿಂತು, "ಅಂಕಲ್, ವಾರಿಜಾಬೆನ್ ತೋ ಶೇರ್ನೀ ಹೈ" ಎಂದರು. ಅಲ್ಲಿ ತಮ್ಮ ಟೆಂಟನ್ನೂ ಈ ಹೆಣ್ಣುಸಿಂಹವೇ ಹೊರಲು ಒಪ್ಪಿದೆಯಂತೆ. ಹಿಮದ ಇಳಿಜಾರು, ಎರಡಾಳಿನ ಹೊರೆ, ಅದರ ಕೆಳಗೆ ಮಂಡಕ್ಕಿ ಹೊತ್ತು ಪಳಗಿದ ಮಂಡಿ. ಅವರು ಅತ್ತ ಹೋಗುತ್ತಲೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟೆ.

ಬೀನ್ಸ್ ಮುರಿಯುತ್ತಿದ್ದ ವಾರಿಜಾ ತಲೆ ಎತ್ತಲಿಲ್ಲ. "ಗೊತ್ತುಂಟು. ಉಂಡಷ್ಟೂ ಅಕ್ಕಿಡಬ್ಬ ತುಂಬುವ ಮನೆ ಎಲ್ಲಿಯಾದರೂ ಉಂಟಾ? ನೀವು ಪೇಪರ್ ಹಿಡಿದು ಪಾರ್ಕಿಗೆ ಹೋದ ಮೇಲೆ ನಾನು ಜ್ಯೋತ್ಸ್ನಾಬೆನ್ನರ ಚೀಲ ಹೊತ್ತು ಹತ್ತುತ್ತಿದ್ದೆ. ಅದರಲ್ಲಿ ಇಟ್ಟಿಗೆ ಉಂಟು."

"ಮತ್ತೆ ನನಗೆ ಹೇಳಬಾರದಿತ್ತಾ?"

"ಅಷ್ಟು ಜಾಗ್ರತೆಯಲ್ಲಿ ಮಂಡಕ್ಕಿ ತುಂಬಿಸ್ತಾ ಇದ್ರಿ. ಬೇಜಾರು ಮಾಡುವುದು ಯಾಕೆ ಅಂತ." ಇನ್ನೊಂದು ಬೀನ್ಸ್ ಮುರಿದಳು. "ಅಷ್ಟು ಹೆದರಿಕೆ ಇದ್ರೆ ನೀವೂ ಬನ್ನಿ. ಗುಂಪಿನಲ್ಲಿ ಜಾಗ ಉಂಟು. ನಾಳೆಯಿಂದ ಆ ಅಕ್ಕಿಚೀಲ ನಿಮಗೆ."

ಹೀಗೆ ಈಗ ಮೆಟ್ಟಿಲು ಹತ್ತುತ್ತಿರುವವನು ನಾನು. ಅವಳೇ ಕುಚ್ಚಲಕ್ಕಿ ತುಂಬಿ ಬೆನ್ನಿಗೇರಿಸಿದ ಮೊದಲ ದಿನ ಎರಡನೇ ಮಹಡಿಯಲ್ಲೇ ಕುಕ್ಕರಿಸಿ ಕೂತಿದ್ದೆ. ಮೊನ್ನೆಯಿಂದ ಆರನೆಯದಕ್ಕೆ ನಿಲ್ಲದೆ ಹೋಗಿ ಬರುತ್ತಿದ್ದೇನೆ, ಮಂಡಿ ಚಕಾರವೆತ್ತಿಲ್ಲ. ಹೆಮ್ಮೆಯಿಂದ ಹೇಳಿಕೊಂಡರೆ, "ಅಭ್ಯಾಸದ ಫಲ" ಎನ್ನುತ್ತಾಳೆ ವಾರಿಜಾ, ಬಹಳ ಗಂಭೀರವಾಗಿ.

ನಡೆಯುವಾಗ ಬೆನ್ನ ಹಿಂದೆ ಏನೋ ಸಣ್ಣಗೆ ಸರಸರ ಎನ್ನುತ್ತದೆ. ಅಡುಗೆಮನೆಯ ಅಕ್ಕಿಡಬ್ಬವನ್ನು ನಾನು ತೆರೆದು ನೋಡಿಲ್ಲ, ನೋಡುವವನೂ ಅಲ್ಲ.